ನಿಮ್ಮಪ್ಪನಿಗೆ ಕೊಟ್ಟ ಹಿಟ್ಟು

ಮೇಘನಾ, ನಿಮ್ಮಪ್ಪನಿಗೆ ನಾನು ಕೊಟ್ಟದ್ದು ಸತ್ತ ಹಿಟ್ಟು. ಒಂದು ಸಲ ಅಲ್ಲ, ಎರಡು ಸಲ. ಗೊತ್ತಿದ್ದೇ ಕೊಟ್ಟೆ. ಕೊಟ್ಟ ಮೇಲೆ, ತಪ್ಪು ಹಿಟ್ಟಿನದಲ್ಲ, ನಿನ್ನ ಕೈಯದು ಅಂತ ಅವನಿಗೆ ಹೇಳಿದವನೂ ನಾನೇ.

ಇಷ್ಟು ಬರೆಯುವುದಕ್ಕೆ ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು. ಉಳಿದದ್ದನ್ನೂ ಒಂದೇ ಉಸಿರಿಗೆ ಬರೆದುಬಿಡುತ್ತೇನೆ. ಮಧ್ಯದಲ್ಲಿ ನಿಲ್ಲಿಸಿದರೆ — ನನ್ನ ಬುದ್ಧಿ ನನಗೆ ಗೊತ್ತು — ಏನಾದರೊಂದು ನೆಪ ಹುಡುಕಿ ಹಾಳೆ ಮಡಚಿ ಇಟ್ಟುಬಿಡುತ್ತೇನೆ.

ನಮ್ಮ ಬೇಕರಿ ನಿನಗೆ ಗೊತ್ತಿರುವುದು ಗಾಜಿನ ಕೌಂಟರು, ಕರೆಂಟಿನ ಓವನ್ನು ಬಂದ ಮೇಲಿನದು. ನಿನ್ನ ತಾತ ಅದನ್ನು ಶುರು ಮಾಡಿದಾಗ ಉತ್ತರಹಳ್ಳಿ ಇನ್ನೂ ಬೆಂಗಳೂರಿಗೆ ಸೇರಿರಲಿಲ್ಲ. ಪೇಟೆಗೆ ಹೋಗುವವರು 'ಬೆಂಗಳೂರಿಗೆ ಹೋಗಿ ಬರ್ತೀನಿ' ಅನ್ನುತ್ತಿದ್ದರು. ಬಸ್ಸು ಬಂದು ತಿರುಗಿಕೊಳ್ಳುವ ಜಾಗದ ಪಕ್ಕ ಒಂದು ತಗಡಿನ ಮಳಿಗೆ, ಹಿಂದೆ ಇಟ್ಟಿಗೆಯ ಸೌದೆ ಭಟ್ಟಿ, ಅದರ ಹಿಂದೆ ನಮ್ಮ ಮನೆ. ಆಗ ಬ್ರೆಡ್ಡು ಅಂದರೆ ಜ್ವರ ಬಂದವರು ತಿನ್ನುವ ಪದಾರ್ಥ. ಯಾರಾದರೂ ಬ್ರೆಡ್ಡು ಕೇಳಿದರೆ ಅಪ್ಪ ಮೊದಲು, "ಮನೇಲಿ ಯಾರಿಗೆ ಹುಷಾರಿಲ್ಲ?" ಅಂತ ವಿಚಾರಿಸಿಯೇ ಕಟ್ಟಿಕೊಡುತ್ತಿದ್ದರು. ಗಟ್ಟಿಮುಟ್ಟಾಗಿರುವವರನ್ನೂ ಅಂಗಡಿಗೆ ಎಳೆದು ತಂದದ್ದು ಅವರ ಖಾರಾ ಬನ್ನು. ಹಸಿಮೆಣಸಿನಕಾಯಿ, ಈರುಳ್ಳಿ, ಸಬ್ಬಸಿಗೆ ಸೊಪ್ಪು — ಎಲ್ಲರೂ ಹಾಕುವುದೇ. ಆದರೆ ಸಂಜೆ ನಾಲ್ಕು ಗಂಟೆಯ ಬಸ್ಸಿನಿಂದ ಇಳಿದವರು ಮನೆಗೆ ಹೋಗುವ ಮುಂಚೆ ನಮ್ಮ ಅಂಗಡಿ ಮುಂದೆ ನಿಲ್ಲುತ್ತಿದ್ದರು.

ಆ ರುಚಿ ಬರುತ್ತಿದ್ದದ್ದು ಹಳೇ ಹಿಟ್ಟಿನಿಂದ. ಅಪ್ಪ ದಿನಾ ಕಲಸಿದ ಹಿಟ್ಟಿನಲ್ಲಿ ಒಂದು ಉಂಡೆ ಎತ್ತಿ ಪಿಂಗಾಣಿ ಜಾಡಿಯಲ್ಲಿ ಇಡುತ್ತಿದ್ದರು. ಮಾರನೆಯ ದಿನದ ಹಿಟ್ಟಿಗೆ ಅದನ್ನು ಸೇರಿಸುವುದು. ಆ ಹಿಟ್ಟಿನಿಂದ ಮತ್ತೆ ಒಂದು ಉಂಡೆ ಎತ್ತಿಡುವುದು. ಮೊಸರಿಗೆ ಹೆಪ್ಪು ಹಾಕುವ ಹಾಗೆ, ಅಷ್ಟೇ. ಅಂಗಡಿ ಶುರುವಾದ ದಿನದಿಂದ ಆ ಹೆಪ್ಪು ಒಂದು ದಿನವೂ ತಪ್ಪಿರಲಿಲ್ಲ. ಗ್ರಹಣದ ದಿನ ಭಟ್ಟಿ ಹಚ್ಚದಿದ್ದರೂ ಜಾಡಿಯ ಮೇಲೆ ಒಂದು ದರ್ಭೆ ಇಟ್ಟು, ಒಂದು ಹಿಡಿ ಮೈದಾ ತಿನ್ನಿಸಿ ಮಲಗುತ್ತಿದ್ದರು ಅಪ್ಪ.

ನಾನು ಹಿರಿಯವನು. ನಿಮ್ಮಪ್ಪ ರಾಘು ನನಗಿಂತ ಆರು ವರ್ಷ ಚಿಕ್ಕವನು. ಹಿಟ್ಟು ಕಲಸುವುದನ್ನು ಇಬ್ಬರೂ ಕಲಿತೆವು. ಅವನಿಗೆ ಬಂತು, ನನಗೆ ಬರಲಿಲ್ಲ. ಬರಲೇ ಇಲ್ಲ ಅಂತಲ್ಲ, ಸುಮಾರಾಗಿ ಬಂತು. ಅಪ್ಪ ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು — "ಸೀನನ್ನ ಗಲ್ಲಾ ಮೇಲೆ ಕೂರಿಸ್ಬೋದು ಸಾರ್. ಹಿಟ್ಟು ಮಾತ್ರ ರಾಘು ಮಾತೇ ಕೇಳೋದು." ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುತ್ತಲೇ ಹೊಟ್ಟೆ ಉರಿಯುತ್ತಿತ್ತು.

ಅದರ ಮೇಲೆ ನಾನು ಹುಟ್ಟಾ ಅನುಮಾನದವನು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವನು. ನಿಮ್ಮ ದೊಡ್ಡಮ್ಮ ಪದ್ಮ ಈಗಲೂ ಆಡಿಕೊಳ್ಳುತ್ತಾಳೆ — ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅಂತೀರಿ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಅಂತೀರಿ ಎಂದು. ಮನೆಯಲ್ಲಿ ಅದೊಂದು ತಮಾಷೆಯ ವಿಷಯ. ಅದು ಎಲ್ಲಿಯವರೆಗೆ ಹೋಗಿತ್ತು ಅನ್ನುವುದು ಅವಳಿಗೂ ಗೊತ್ತಿಲ್ಲ.

ಅಪ್ಪ ಹಾಸಿಗೆ ಹಿಡಿದ ಕೊನೆಯ ವಾರ. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ರೂಮಿಗೆ ಹೋದಾಗ ರಾಘು ಅವರ ಬಾಯಿಯ ಹತ್ತಿರ ಕಿವಿ ಇಟ್ಟು ಕೂತಿದ್ದ. ಅಪ್ಪ ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ಆಮೇಲೆ ಹೊರಗೆ ಬಂದ ರಾಘುವನ್ನು ಕೇಳಿದೆ — ಏನು ಹೇಳಿದರೋ?

"ಏನಿಲ್ಲ ಬಿಡೋ ಅಣ್ಣಾ. ಸುಮ್ನೆ." ನನ್ನ ಮುಖ ನೋಡದೆ ಹೇಳಿದ.

ಸುಮ್ಮನೆ! ಸಾಯುವ ಮನುಷ್ಯ ಉಸಿರು ಕಟ್ಟಿಕೊಂಡು ಸುಮ್ಮನೆ ಮಾತಾಡುತ್ತಾನೆಯೇ? ಅವತ್ತೇ ನನ್ನ ತಲೆಯಲ್ಲಿ ಲೆಕ್ಕ ಕೂತುಬಿಟ್ಟಿತು. ಖಾರಾ ಬನ್ನಿನಲ್ಲಿ ನನಗೆ ಹೇಳದೆ ಉಳಿಸಿಕೊಂಡದ್ದು ಏನೋ ಇದೆ. ಅದನ್ನು ಅಪ್ಪ ಕಿರಿಮಗನ ಕಿವಿಗೆ ಹಾಕಿ ಹೋದರು. ಆಮೇಲೆ ಕಂಡದ್ದೆಲ್ಲ ಅದಕ್ಕೇ ಹೊಂದುತ್ತಿತ್ತು. ರಾಘು ಮಸಾಲೆ ಹುರಿಯುವಾಗ ನಾನು ಹೋದರೆ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದ — ಬಾಣಲೆ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತಿತ್ತು. ಮಾತಾಡಿದರೆ ಬೆಣ್ಣೆ ಹಚ್ಚುತ್ತಿದ್ದಾನೆ, ಮಾತಾಡದಿದ್ದರೆ ಬಚ್ಚಿಡುತ್ತಿದ್ದಾನೆ. ಅವನ ಅಂಗಿಯ ಜೇಬಿನಲ್ಲಿ ಚೀಟಿ ಇದೆಯೇ ಅಂತ ಒಂದು ದಿನ ತಡಕಿದೆ ಕೂಡ. ಸಿಕ್ಕಿದ್ದು ನಿನ್ನ ಒಂದು ಪುಟ್ಟ ರಬ್ಬರ್ ಬ್ಯಾಂಡು. ಆಗ ನಿನಗೆ ಮೂರು ವರ್ಷ.

ಅಪ್ಪನ ವರ್ಷಾಬ್ದಿಕ ಮುಗಿದ ಮೇಲೆ ಸೋದರಮಾವನ ಮುಂದೆ ಕೂತು ಭಾಗ ಮಾಡಿಕೊಂಡೆವು. ಉತ್ತರಹಳ್ಳಿಯ ಅಂಗಡಿ ನನಗೆ, ಕೋಣನಕುಂಟೆಯಲ್ಲಿ ಅಪ್ಪ ಹಿಡಿದಿಟ್ಟಿದ್ದ ಮಳಿಗೆ ಅವನಿಗೆ. ಜಗಳ ಇರಲಿಲ್ಲ. ರಾಘು ಯಾವುದಕ್ಕೂ ತಕರಾರು ತೆಗೆಯಲಿಲ್ಲ, ಅದರಿಂದಲೂ ನನಗೆ ಅನುಮಾನವೇ — ದೊಡ್ಡದು ಕೈಯಲ್ಲಿರುವವನು ತಾನೇ ಚಿಕ್ಕದನ್ನು ಬಿಟ್ಟುಕೊಡುವುದು? ಎಲ್ಲ ಮುಗಿದ ಮೇಲೆ ಅಮ್ಮ ಒಂದೇ ಮಾತು ಹೇಳಿದಳು.

"ಹಿಟ್ಟೂ ಭಾಗ ಆಗ್ಬೇಕು ಸೀನ. ಅವನ ಅಂಗಡಿ ಪೂಜೆ ದಿನ ನಿನ್ನ ಕೈಯಾರೆ ಉಂಡೆ ಎತ್ತಿ ಕೊಡು. ನೀನೀಗ ಅಪ್ಪನ ಸ್ಥಾನದಲ್ಲಿ ಇರೋನು."

ಪೂಜೆಯ ದಿನ ಬೆಳಿಗ್ಗೆ ಜಾಡಿಯಿಂದ ಉಂಡೆ ಎತ್ತಿದೆ. ಮೃದುವಾಗಿ, ಗುಳ್ಳೆ ಎದ್ದು, ಹುಳಿ ವಾಸನೆಯಿಂದ ಘಮ್ಮೆನ್ನುತ್ತಿತ್ತು. ಗುಟ್ಟೂ ಅವನದು, ಕೈಯೂ ಅವನದು, ಇನ್ನು ಹಿಟ್ಟೂ ಅವನದಾದರೆ ಈ ಅಂಗಡಿಯಲ್ಲಿ ನನಗೆ ಉಳಿಯುವುದು ನಾಲ್ಕು ಗೋಡೆ — ಹೀಗೆ ಯೋಚಿಸಿದೆನೋ, ಅಥವಾ ಆಮೇಲೆ ನನಗೆ ನಾನೇ ಹೇಳಿಕೊಂಡ ಮಾತೋ ಇದು, ಈಗ ಬಿಡಿಸಲಾಗದು. ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಭಟ್ಟಿಯ ನೆತ್ತಿಯ ಮೇಲೆ, ಕೈ ಇಡಲಾಗದಷ್ಟು ಬಿಸಿ ಇರುವ ಕಡೆ, ಬಟ್ಟೆಯಲ್ಲಿ ಸುತ್ತಿದ ಉಂಡೆಯನ್ನು ಇಟ್ಟೆ. ಕುದಿಯುವ ಹಾಲಿಗೆ ಹೆಪ್ಪು ಬಿಟ್ಟರೆ ಏನಾಗುತ್ತದೆ ಅಂತ ನಿನಗೇ ಗೊತ್ತು. ಅಮ್ಮ ಒಳಗೆ ತಟ್ಟೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಒಂದು ಗಂಟೆ ಬಿಟ್ಟು ತೆಗೆದೆ. ಮೇಲೆ ಗಟ್ಟಿಯಾಗಿದ್ದ ಸಿಪ್ಪೆಯನ್ನು ಕಿತ್ತು ಎಸೆದು, ಒಳಗಿನದನ್ನು ಹಸಿ ಮೈದಾದ ಜೊತೆ ನಾದಿ ಮತ್ತೆ ದುಂಡಗೆ ಮಾಡಿದೆ. ನೋಡುವುದಕ್ಕೆ ಹಾಗೇ ಇತ್ತು. ವಾಸನೆಯೂ ಅಷ್ಟಿಷ್ಟು ಉಳಿದಿತ್ತು. ಜೀವ ಇರಲಿಲ್ಲ.

ಕೋಣನಕುಂಟೆಯ ಹೊಸ ಅಂಗಡಿಯಲ್ಲಿ, ನಿಮ್ಮಮ್ಮ, ನಮ್ಮಮ್ಮ, ಪದ್ಮ ಎಲ್ಲರ ಎದುರಿಗೆ ಆ ತಟ್ಟೆ ಕೊಟ್ಟೆ. ರಾಘು ಅದನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಾನು ಆಶೀರ್ವಾದವನ್ನೂ ಮಾಡಿದೆ.

ಒಂದು ವಾರಕ್ಕೆ ಬಂದ. ಪಕ್ಕದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತುಕೊಂಡ.

"ಅಣ್ಣಾ, ಹಿಟ್ಟು ಏಳ್ತಾನೇ ಇಲ್ಲ ಕಣೋ. ಈಸ್ಟ್ ಹಾಕಿದ್ರೆ ಉಬ್ಬುತ್ತೆ, ಆದ್ರೆ ಅಪ್ಪನ ರುಚಿ ಬರ್ತಿಲ್ಲ. ನಾನೇ ಏನೋ ಕೆಡಿಸ್ಕೊಂಡೆ ಅನ್ಸುತ್ತೆ. ಇನ್ನೊಂದ್ ಉಂಡೆ ಕೊಡ್ತೀಯಾ?"

ಮೊದಲ ಸಲದ್ದು ಸಿಟ್ಟು, ಹೊಟ್ಟೆಕಿಚ್ಚು, ಏನಾದರೂ ಅನ್ನು. ಎರಡನೆಯದಕ್ಕೆ ಯಾವ ಹೆಸರಿಡಲಿ? ಜಾಡಿ ನನ್ನ ಬೆನ್ನ ಹಿಂದೆಯೇ ಇತ್ತು. ಕೈ ಚಾಚಿ ಒಂದು ಹಿಡಿ ಎತ್ತಿ ಕೊಟ್ಟಿದ್ದರೆ ಎಲ್ಲವೂ ಅಲ್ಲಿಗೆ ಸರಿಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ನನಗೆ ಅನ್ನಿಸಿದ್ದೇ ಬೇರೆ — ಇವನಿಗೆ ಗೊತ್ತಾಗಿದೆ, ನನ್ನನ್ನು ಪರೀಕ್ಷೆ ಮಾಡಲು ಬಂದಿದ್ದಾನೆ. ಈಗ ಕೊಟ್ಟದ್ದು ಎದ್ದರೆ ಹಿಂದೆ ಕೊಟ್ಟದ್ದು ಸತ್ತದ್ದು ಅಂತ ರುಜುವಾತಾಗುತ್ತದೆ. ಹಾಗಾಗಿ, "ಇವತ್ತಿಂದು ಕಲಸಿ ಮುಗೀತು, ನಾಳೆ ಮಧ್ಯಾಹ್ನ ಬಾ" ಅಂದೆ. ಮಾರನೆಯ ದಿನ ಬೆಳಿಗ್ಗೆಯಿಂದ ಯೋಚನೆ ಮಾಡಿ, ಅವಸರವಿಲ್ಲದೆ, ಮತ್ತೆ ಭಟ್ಟಿಯ ಮೇಲಿಟ್ಟೆ. ಈ ಸಲ ಇನ್ನೂ ನಾಜೂಕಾಗಿ ಮಾಡಿದೆ.

ಮೂರನೆಯ ಸಲ ಅವನು ಹಿಟ್ಟು ಕೇಳಲಿಲ್ಲ. ಪೇಪರಿನಲ್ಲಿ ಸುತ್ತಿದ ಎರಡು ಖಾರಾ ಬನ್ನು ತಂದಿದ್ದ, ಇನ್ನೂ ಬೆಚ್ಚಗಿತ್ತು. "ತಿಂದು ಹೇಳು ಅಣ್ಣಾ, ಎಲ್ಲಿ ತಪ್ಪಾಗ್ತಿದೆ?" ತಿಂದೆ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಬರೀ ಈಸ್ಟಿನಲ್ಲಿ ಅಷ್ಟು ಹಗುರವಾದ ಬನ್ನು ನನ್ನ ಕೈಲಿ ಇವತ್ತಿಗೂ ಆಗದು. ಅಪ್ಪನ ಹುಳಿ ಮಾತ್ರ ಇರಲಿಲ್ಲ. ಹಳೇ ಅಂಗಡಿಯ ಹೆಸರು ಕೇಳಿ ಬರುವ ಗಿರಾಕಿಗೆ ಅದೇ ಬೇಕಲ್ಲ. ಬಾಯಲ್ಲಿ ಬನ್ನು ಇಟ್ಟುಕೊಂಡೇ ನಾನು ಆ ಮಾತು ಹೇಳಿದೆ.

"ಹಿಟ್ಟಲ್ಲೇನೂ ತಪ್ಪಿಲ್ಲ ಕಣೋ ರಾಘು. ಅದೇ ಹಿಟ್ಟಲ್ಲಿ ನಾನಿಲ್ಲಿ ದಿನಾ ಮಾಡ್ತಿಲ್ವಾ? ಕೈಗುಣ ಅಂತ ಒಂದಿರುತ್ತೆ. ಅಪ್ಪ ಹೋದ್ಮೇಲೆ ನಿನ್ನ ಕೈ ಬಿಟ್ಟೋಗಿದೆ, ಅಷ್ಟೇ."

ಅವನು ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡ. ಆಮೇಲೆ ನೀರು ಕುಡಿದು ಹೋದ.

ಮುಂದಿನದು ನಿನಗೆ ಗೊತ್ತಿದೆ, ಕಾರಣ ಒಂದನ್ನು ಬಿಟ್ಟು. ಎರಡು ವರ್ಷಕ್ಕೆ ಕೋಣನಕುಂಟೆಯ ಭಟ್ಟಿ ತಣ್ಣಗಾಯಿತು. ಸ್ವಲ್ಪ ದಿನ ಫ್ಯಾಕ್ಟರಿಯಿಂದ ಬಂದ ಬನ್ನು, ರಸ್ಕು ಮಾರಿದ. ಅದನ್ನೂ ಬಿಟ್ಟು ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಆ ಕೆಲಸದ ಬಗ್ಗೆ ನನಗೆ ಕೀಳು ಭಾವನೆ ಇಲ್ಲ, ಮರ್ಯಾದೆಯಿಂದ ಸಂಸಾರ ಸಾಗಿಸಿದ್ದಾನೆ. ನಾನು ಕಿತ್ತುಕೊಂಡದ್ದು ಅಂಗಡಿಯನ್ನಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಹೋಳಿಗೆಗೆ ಕಣಕ ನಾದು ಅಂತ ಅಮ್ಮ ಅವನನ್ನು ಕರೆದಳು. "ನಾನು ಬೇಡಮ್ಮ, ನನ್ನ ಕೈ ಸರಿಯಿಲ್ಲ" ಅಂತ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಗುತ್ತಲೇ ಅಂದ. ಅವತ್ತೂ ನಾನು ಬಾಯಿ ಬಿಡಲಿಲ್ಲ.

ಇತ್ತ ನಮ್ಮ ಅಂಗಡಿಯಲ್ಲಿ ಗಿರಾಕಿಗಳು, 'ದೊಡ್ಡ ಮಗನಿಗೇ ಬಂತು ನೋಡಿ ತಂದೆ ಕೈಗುಣ' ಅನ್ನತೊಡಗಿದರು. ನನ್ನ ಕೈ ಸಾಧಾರಣದ್ದು ಮೇಘನಾ. ಜಾಡಿಯಲ್ಲಿದ್ದ ಹಿಟ್ಟು ನನ್ನನ್ನು ಕಾಪಾಡುತ್ತಿತ್ತು. ಆ ಹೊಗಳಿಕೆಯನ್ನು ನಾನು ತಲೆ ಬಗ್ಗಿಸಿ ಇಸಿದುಕೊಂಡೆ, ವಿನಯವಂತ ಅನ್ನುವ ಹೆಸರೂ ಬಂತು.

ಅನುಮಾನ ಮಾತ್ರ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಿತು. ರಾಘುವಿಗೆ ಗೊತ್ತಿದೆಯೇ? ಅಂಗಡಿಗೆ ಬಂದರೆ ಅವನ ಕಣ್ಣು ಜಾಡಿಯ ಕಡೆ ಹೋಯಿತೇ? ಅವನನ್ನು ಕೌಂಟರಿನ ಒಳಗೆ ಕರೆಯುವುದನ್ನೇ ನಿಲ್ಲಿಸಿದೆ. ಹೊರಗೆ ಕುರ್ಚಿ ಹಾಕಿ ಕಾಫಿ ತರಿಸುತ್ತಿದ್ದೆ. ಜನ ಅದನ್ನು ಉಪಚಾರ ಅಂದುಕೊಂಡರು. ದೀಪಾವಳಿಗೆ ಅವನು ಹಣ್ಣು ಕೊಟ್ಟು ಹೋದರೆ, ಯಾಕೆ ಕೊಟ್ಟ ಅಂತ ಎರಡು ದಿನ ಯೋಚಿಸುತ್ತಿದ್ದೆ. ಒಂದು ಸಲ, "ಅಣ್ಣಾ, ನೀನು ಸರಿಯಾಗಿ ನಿದ್ದೆ ಮಾಡ್ತಿಲ್ಲ ಅನ್ಸುತ್ತೆ" ಅಂದ. ತಿಂಗಳುಗಟ್ಟಲೆ ಆ ಮಾತನ್ನು ಹಿಂಡಿ ಹಿಂಡಿ ನೋಡಿದೆ.

ಹೀಗಿರುವಾಗ ಹೋದ ತಿಂಗಳು ನೀನು ಬಂದೆ. ಪೇಸ್ಟ್ರಿ, ಬ್ರೆಡ್ಡು ಕಲಿಸುವ ಕೋರ್ಸಿಗೆ ಸೇರಬೇಕು, ಅಪ್ಪ ಬಿಡುತ್ತಿಲ್ಲ ಅಂದೆ. "ನಮ್ಮ ಮನೇಲಿ ಆ ಕೈ ಇಲ್ಲ ಪುಟ್ಟಿ, ಆಸೆ ಪಟ್ಕೊಂಡು ಆಮೇಲೆ ನೊಂದ್ಕೊಬೇಡ ಅಂತಾರೆ ಅಪ್ಪ. ಒಂದೇ ಒಂದ್ಸಲ ಕಲಸ್ತೀನಿ, ನೀವು ನೋಡಿ ಹೇಳಿ. ನೀವು ಇಲ್ಲ ಅಂದ್ರೆ ನಾನೂ ಸುಮ್ನಾಗ್ತೀನಿ." ಇಲ್ಲ ಅನ್ನಲು ನನಗೆ ನೆಪ ಸಿಗಲಿಲ್ಲ. ಮೈದಾ ಸುರಿದು, ಜಾಡಿಯಿಂದ ಉಂಡೆ ಎತ್ತಿ ಕೊಟ್ಟೆ. ಜೀವ ಇದ್ದದ್ದನ್ನೇ ಕೊಟ್ಟೆ.

ನೀನು ಅಂಗೈಯ ಬುಡದಿಂದ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತುತ್ತಿದ್ದೆ. ಯಾರೂ ನಿನಗೆ ಹೇಳಿಕೊಟ್ಟಿರಲಿಲ್ಲ. ರಾಘು ಹಾಗೇ ಮಾಡುತ್ತಿದ್ದ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ನಾವು ಕಾಯುತ್ತಾ ಕೂತಾಗ ನೀನು ಕೈ ತೊಳೆದುಕೊಂಡು ಬಂದು, ಲೋಕಾಭಿರಾಮವಾಗಿ ಅಂದೆ —

"ಅಪ್ಪ ನಂಗೆ ಜೀವನದಲ್ಲಿ ಒಂದೇ ಸಲ ಬೈದಿರೋದು ದೊಡ್ಡಪ್ಪ, ಗೊತ್ತಾ? ದೊಡ್ಡಪ್ಪ ಕೊಟ್ಟ ಹಿಟ್ಟೇ ಸರಿ ಇರ್ಲಿಲ್ವೇನೋ, ನಿನ್ ಕೈದೇ ತಪ್ಪು ಅಂತ ಯಾಕನ್ಕೊಂಡೆ ಅಂತ ಕೇಳಿದ್ದೆ ಅಷ್ಟೇ. ಕೂಗಾಡ್ಬಿಟ್ರು. ಆಮೇಲೆ ಸಮಾಧಾನ ಮಾಡ್ತಾ ಹೇಳಿದ್ರು. ತಾತ ಹೋಗೋ ಮುಂಚೆ ಅವರ ಕೈ ಹಿಡ್ಕೊಂಡು ಹೇಳಿದ್ರಂತೆ — ನಿಮ್ಮಣ್ಣಂಗೆ ಅನುಮಾನ ಜಾಸ್ತಿ, ಅದು ಅವನ ಸ್ವಭಾವ. ನೀನಾದ್ರೂ ಅವನ ಮೇಲೆ ಯಾವತ್ತೂ ಅನುಮಾನ ಪಡಬೇಡ. ಇಬ್ರೂ ಶುರು ಮಾಡಿದ್ರೆ ಮನೆ ಉಳಿಯಲ್ಲ ಅಂತ. ಬೇಜಾರಾಗ್ಬೇಡಿ ದೊಡ್ಡಪ್ಪ, ತಾತ ಪ್ರೀತಿಯಿಂದ್ಲೇ ಹೇಳಿರ್ತಾರೆ."

ಗುಟ್ಟು ಇದ್ದದ್ದೇ ಅಷ್ಟು. ಮಸಾಲೆಯಿಲ್ಲ, ಚೀಟಿಯಿಲ್ಲ. ಅಪ್ಪನಿಗೆ ಕೊಟ್ಟ ಆ ಒಂದು ಮಾತನ್ನು ಅವನು ಹೇಗೆ ಉಳಿಸಿಕೊಂಡ ಅಂತ ಯೋಚಿಸು. ಎರಡು ಸಲ ಹಿಟ್ಟು ಏಳದಿದ್ದಾಗ ಯಾವ ಮನುಷ್ಯನಿಗಾದರೂ ಕೊಟ್ಟವನ ಮೇಲೆ ಒಂದು ಕ್ಷಣ ಅನುಮಾನ ಬರಬೇಕಿತ್ತು. ಅವನು ಅನುಮಾನಿಸಲು ತನ್ನ ಕೈಗಳನ್ನೇ ಆರಿಸಿಕೊಂಡ. ಹತ್ತೊಂಬತ್ತು ವರ್ಷ ಅದನ್ನೇ ನಂಬಿದ. ನನಗೆ ಹೇಳಿದರೆ ನಾನು ನೊಂದುಕೊಳ್ಳುತ್ತೇನೆ ಅಂತ, ಏನಿಲ್ಲ ಬಿಡೋ, ಸುಮ್ಮನೆ, ಅಂದಿದ್ದ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಏನು ಮಾಡಿದೆ ಅಂತ ನಿನಗೆ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಬಟ್ಟೆ ಸರಿಸಿದಾಗ ಹಿಟ್ಟು ಪಾತ್ರೆಯ ಅಂಚಿನವರೆಗೂ ಬಂದಿತ್ತು. "ಬಂತಾ ದೊಡ್ಡಪ್ಪ? ನಿಜ ಹೇಳಿ" ಅಂದೆ ನೀನು. ನನ್ನ ತಲೆ ಓಡಿದ್ದು ಹೇಗೆ ಗೊತ್ತೇ? ಈ ಹುಡುಗಿ 'ದೊಡ್ಡಪ್ಪ ಕೊಟ್ಟ ಹಿಟ್ಟು' ಅಂತ ಬೇಕೆಂದೇ ಎತ್ತಿದಳು, ಅವಳಪ್ಪನೇ ಕಳಿಸಿರಬೇಕು, ಚೆನ್ನಾಗಿ ಬಂದಿದೆ ಅಂದರೆ ನಾನು ಸಿಕ್ಕಿಬಿದ್ದೆ. ಅಪ್ಪನ ಕೊನೆಯ ಮಾತು ಕೇಳಿ ಅರ್ಧ ಗಂಟೆಯೂ ಆಗಿರಲಿಲ್ಲ. "ಪರವಾಗಿಲ್ಲ. ಇನ್ನೂ ಬರ್ಬೇಕು. ಎಲ್ರಿಗೂ ಆಗೋ ಕೆಲಸ ಅಲ್ಲಮ್ಮ ಇದು" ಅಂದುಬಿಟ್ಟೆ.

ನೀನು ಜಗಳ ಆಡಲಿಲ್ಲ. ಥ್ಯಾಂಕ್ಸ್ ಹೇಳಿದೆ. ಬ್ಯಾಗು ಎತ್ತಿಕೊಳ್ಳುವ ಮುಂಚೆ ನಿನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ. ಅದನ್ನು ನೋಡಿದ ಮೇಲೆ ನನಗೆ ಇನ್ನು ತಡೆಯಲಾಗಲಿಲ್ಲ. ನೀನು ಹೋದ ಮೇಲೆ ಅಂಗಡಿಯ ಹಿಂದೆ ಹೋಗಿ ಅತ್ತೆ, ಅಳುವುದಕ್ಕೆ ನನಗೇನು ಹಕ್ಕಿದೆ ಅಂತ ಅಳು ನಿಲ್ಲಿಸಿದೆ.

ನೀನು ಕಲಸಿದ ಹಿಟ್ಟಿನಲ್ಲಿ ಅವತ್ತು ಸಂಜೆ ಖಾರಾ ಬನ್ನು ಮಾಡಿದೆ. ತುಂಬಾ ವರ್ಷದಿಂದ ಬರುವ ಮೇಷ್ಟರೊಬ್ಬರು ಒಂದು ತಿಂದು, ಇನ್ನೊಂದು ಕೇಳಿ, "ಏನ್ರೀ ಇವತ್ತು, ನಿಮ್ಮ ತಮ್ಮ ಬಂದಿದ್ರಾ?" ಅಂದರು. ಇದು ನಿನಗೆ ತಿಳಿಯಲೇಬೇಕು. ನಿನ್ನ ಹಿಟ್ಟು ನನ್ನದಕ್ಕಿಂತ ಚೆನ್ನಾಗಿತ್ತು. ಕೋರ್ಸಿಗೆ ಸೇರು. ನಿನಗೆ ನಿಮ್ಮಪ್ಪನ ಕೈಯೇ ಬಂದಿದೆ, ಅದರಲ್ಲಿ ಯಾವ ದೋಷವೂ ಇಲ್ಲ, ಯಾವತ್ತೂ ಇರಲಿಲ್ಲ.

ಮೊದಲು ಇದನ್ನು ನಿನಗೆ ಪೋಸ್ಟ್ ಮಾಡೋಣ ಅಂದುಕೊಂಡಿದ್ದೆ. ಬರೆಯುತ್ತಾ ಹೋದ ಹಾಗೆ ಗೊತ್ತಾಯಿತು — ಅದೂ ಅವನ ಬೆನ್ನ ಹಿಂದಿನ ಕೆಲಸವೇ. ಅವನಿಗೆ ಹೇಳುವ ಧೈರ್ಯವಿಲ್ಲದೆ ಅವನ ಮಗಳ ಮುಂದೆ ಹಗುರಾಗುವುದು. ಹಾಗಾಗಿ ನಾಳೆ ಬೆಳಿಗ್ಗೆ ಪುಟ್ಟೇನಹಳ್ಳಿಗೆ ಹೋಗಿ ಇದನ್ನು ರಾಘುವಿನ ಕೈಗೆ ಕೊಡುತ್ತೇನೆ. ಅವನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ಅವನು ತಕ್ಷಣ ಕ್ಷಮಿಸಿಬಿಡುತ್ತಾನೆ, ಅದನ್ನು ತೆಗೆದುಕೊಳ್ಳುವ ಯೋಗ್ಯತೆ ನನಗಿಲ್ಲ. ಬೈದರೆ ಬೈಯಲಿ. ಹರಿದು ಹಾಕಿದರೆ ಹಾಕಲಿ. ಮಗಳಿಗೆ ಅವಳ ದೊಡ್ಡಪ್ಪ ಎಂಥವನು ಅಂತ ತಿಳಿಸಬೇಕೋ ಬೇಡವೋ ಅನ್ನುವುದನ್ನು ಅವನೇ ತೀರ್ಮಾನ ಮಾಡಬೇಕು.

ನೀನು ಇದನ್ನು ಓದುತ್ತಿದ್ದೀಯ ಅಂದರೆ, ಮೇಘನಾ, ನಿನ್ನ ಕೈಗೆ ಇದನ್ನು ಕೊಟ್ಟದ್ದು ನಿಮ್ಮಪ್ಪ.